ಸಾಹೇಬರು ಮುಚ್ಚಿಸಿದ ಗುಂಡಿ

ನಮ್ಮ ಅಂಗಡಿಗೆ ತೊಗರಿ ತರುವ ಮಾಳಪ್ಪ, ರಾಶಿ ಮುಗಿದ ಮೇಲೆ ತೊಗರಿಕಟ್ಟಿಗೆಯನ್ನು ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡುತ್ತಾನೆ. ಗೊಬ್ಬರದೊಡನೆ ಬೆರೆಸಿ ಹಾಕಿದರೆ ಹೊಲ ತೇವ ಹಿಡಿಯುತ್ತದೆ. ಆದರೆ ಕಟ್ಟಿಗೆ ಕೆಂಡವಾದ ಕೂಡಲೇ ಮಣ್ಣು ಮುಚ್ಚಬೇಕು. ತಡವಾದರೆ ಬರೀ ಬೂದಿ.

ಮೊನ್ನೆ ಗುಂಡಿ ತುಂಬ ಕೆಂಡ. ಬರುತ್ತೇವೆಂದ ಆಳುಗಳು ಬರಲಿಲ್ಲ. ಬಂದದ್ದು ತಾಲೂಕು ಕಚೇರಿಯ ಸಾಹೇಬರ ಜೀಪು.

"ಹೊಲದಲ್ಲಿ ಬೆಂಕಿ ಹಾಕಬಾರದು ಅಂತ ಗೊತ್ತಿಲ್ವೇನೋ? ಮುಚ್ಚು!"

"ಒಬ್ಬಾತನೇ ಇದ್ದೀನ್ರಿ. ನಾಳಿಗಿ ಮುಚ್ತೀನ್ರಿ," ಎಂದ ಮಾಳಪ್ಪ, ಕೈಕಟ್ಟಿ.

"ನನ್ನ ಮುಂದೆ ನಾಳೆ ಅಂತೀಯಾ?" ಸಾಹೇಬರು ಜೀಪಿನಿಂದ ನಾಲ್ವರನ್ನು ಇಳಿಸಿ, ಆಳುಗಳಿಗೆಂದು ಇಟ್ಟಿದ್ದ ಸಲಿಕೆಗಳನ್ನು ಅವರ ಕೈಗೆ ಕೊಡಿಸಿದರು.

"ಆ ಮೂಲ್ಯಾಗ ಇನ್ನಾ ಹೊಗಿ ಬರ್ಲಿಕತ್ತದ್ರಿ," ಎಂದು ಮಾಳಪ್ಪ ತೋರಿಸಿದ. ಅಲ್ಲಿಗೆ ಸಾಹೇಬರೇ ಬೂಟಿನಿಂದ ಮಣ್ಣು ತಳ್ಳಿದರು.

ಹೊಗೆ ನಿಂತಿತು. ಮಾಳಪ್ಪ ಮನಸಾರೆ ಕೈಮುಗಿದ. "ದೇವರು ಬಂದಂಗ ಬಂದ್ರಿ. ಇಲ್ಲಂದ್ರ ನಾಕು ಬಂಡಿ ಕಟಗಿ ಬೂದಿ ಆಗ್ತಿತ್ರಿ," ಎಂದು ಇದ್ದಿಲಿನ ವಿಷಯವನ್ನೆಲ್ಲ ಬಿಡಿಸಿ ಹೇಳಿದ.

ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಜೀಪಿನವರು ನಗು ನುಂಗಿದರು. ಕೊನೆಗೆ ಸಾಹೇಬರು ಮೆಲ್ಲಗೆ ಕೇಳಿದರು: "ನಮ್ಮ ಹಿತ್ತಲ ನಿಂಬೆಗಿಡ ಬಾಡ್ತಿದೆ. ಒಂದು ಬುಟ್ಟಿ ಸಿಗುತ್ತಾ?"

"ಎರಡು ಒಯ್ರಿ ಸಾಹೇಬ್ರ. ನೀವೂ ದುಡದೀರಿ."