ಹುಳುಕಡ್ಡಿ ಮದ್ದಿನ ಪಟ್ಟಿಗೆ ಸಿಗದಂತಾದದ್ದು

ಭೂಮಿ ಇನ್ನೂ ಹೊಸದು. ಯಾವ ಕಡೆ ಹರಿಯಬೇಕು ಅಂತ ನದಿಗಳಿಗೇ ಗೊತ್ತಿರಲಿಲ್ಲ. ಆಗ ಲೋಕಕ್ಕೆಲ್ಲ ಇದ್ದದ್ದು ಒಂದೇ ಗರಡಿಮನೆ. ಅದರ ಉಸ್ತಾದ್ ಕೆಂಪಯ್ಯ. ಅವನಿಗೊಬ್ಬಳು ಮಗಳು, ದ್ಯಾವಿ. ಅವಳ ಮೊದಲ ಕುಸ್ತಿಗೆ ಎರಡು ತಿಂಗಳಿತ್ತು. ಹುಡುಗಿಗೆ ಕೂತರೂ ನಿಂತರೂ ಅದೇ ಧ್ಯಾನ.

"ಹುಡುಗೀರೂ ಆಡ್ತಿದ್ರಾ ತಾತ?" ಅಂತ ಕೇಳಬೇಡ. ಆಡ್ತಿದ್ರು. ಸುಮ್ನೆ ಕೇಳು.

ಒಂದು ದಿನ ಕೆಂಪಯ್ಯನ ತೋಳಿನ ಮೇಲೆ ಬಳೆಯಷ್ಟು ಗುಂಡಗೆ ಹುಳುಕಡ್ಡಿ ಎದ್ದಿತು. ಹೆಸರಿಗೆ ಹುಳು, ಅಷ್ಟೇ. ಅದು ಬೂಷ್ಟಿನ ಜಾತಿ. ತುರಿಕೆ ಅಂದ್ರೆ ತುರಿಕೆ!

ಅಖಾಡದ ಕೆಮ್ಮಣ್ಣು ಹೇಳಿತು: "ಕೆಂಪಯ್ಯ, ಇಳೀಬೇಡ. ಮೈಗೆ ಮೈ ತಾಗಿದ್ರೆ ಎಲ್ಲರಿಗೂ ಹತ್ತುತ್ತೆ. ಈ ಮದ್ದು ತಗೋ. ನಾಲ್ಕು ವಾರ ಬಿಡದೆ ಹಚ್ಚು."

"ನನ್ನ ಚರ್ಮ ಸುಟ್ಟುಹೋಗಲ್ವಾ?"

"ಇಲ್ಲ. ಬೂಷ್ಟು ತನ್ನ ಮೈಗೆ ಬೇಕಾದ ಜಿಡ್ಡನ್ನ ದಿನಾ ತಾನೇ ಮಾಡ್ಕೋಬೇಕು. ಮದ್ದು ಹೋಗಿ ಜಿಡ್ಡು ಮಾಡೋ ಅದರ ಕೈ ಹಿಡಿದು ಪಟ್ಟು ಹಾಕುತ್ತೆ. ಜಿಡ್ಡಿಲ್ಲದೆ ಅದರ ಮೈ ಸೋರಿ ಸಾಯುತ್ತೆ. ನಿನ್ನ ಮೈಯ ಜಿಡ್ಡೇ ಬೇರೆ. ನಿನಗೇನಾಗಲ್ಲ."

ಕೆಂಪಯ್ಯ ಹಚ್ಚಿದ. ವಾರಕ್ಕೆಲ್ಲ ತುರಿಕೆ ನಿಂತಿತು, ಬಳೆ ಮಾಯವಾಯಿತು.

ಅಲ್ಲೇ ಅವನು ಎಡವಿದ. ಗರಡಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಕುಸ್ತಿ ಮುಗೀತು. ಬಿದ್ದವನನ್ನು ಮತ್ತೆ ಹಿಡಿಯೋದು ಮರ್ಯಾದೆಯಲ್ಲ. "ಬೂಷ್ಟು ಚಿತ್ ಆಯ್ತು," ಅಂದ ಕೆಂಪಯ್ಯ. "ಬಿದ್ದೋರ ಮೇಲೆ ಕೈ ಮಾಡೋನಲ್ಲ ನಾನು." ಮದ್ದನ್ನು ಗೂಡಿಗಿಟ್ಟ.

"ಅಯ್ಯೋ ಪುಣ್ಯಾತ್ಮ, ಅದು ಸತ್ತಿಲ್ಲ ಕಣೋ!" ಅಂತ ಗಾಳಿ ಕಿಟಕಿಯಲ್ಲಿ ಕೂಗಿತು. ಕೆಂಪಯ್ಯ ಕಿವಿಗೆ ಹಾಕ್ಕೊಳ್ಳಲಿಲ್ಲ.

ಬಡಪಾಯಿ ಬೂಷ್ಟುಗಳೇನೋ ಸತ್ತಿದ್ದವು. ಪಟ್ಟಿನಿಂದ ಒಂಚೂರು ನುಣುಚಿಕೊಳ್ಳಬಲ್ಲ ನಾಲ್ಕೈದು ಮಾತ್ರ ಚರ್ಮದೊಳಗೆ ಉಸಿರು ಹಿಡಿದು ಕೂತಿದ್ದವು. ಇನ್ನು ಮೂರು ವಾರ ಹಚ್ಚಿದ್ದರೆ ಅವೂ ಹೋಗ್ತಿದ್ದವು. ಈಗ ಜಾಗವೆಲ್ಲ ಅವಕ್ಕೇ. ಮರಿ ಹಾಕಿದವು, ಮರಿಗಳೂ ಮರಿ ಹಾಕಿದವು. ಸಾವಿರಾರು ಮರಿಗಳಲ್ಲಿ ಒಂದು ಸೊಟ್ಟ ಕೈಯದು ಹುಟ್ಟಿತು. ಯಾರೂ ಕಲಿಸಿದ್ದಲ್ಲ, ಹಾಗೇ ಹುಟ್ಟಿತು.

ಅಷ್ಟರಲ್ಲಿ ಕೆಂಪಯ್ಯ, ತೋಳಿನ ಮೇಲೆ ಏನೂ ಕಾಣದ್ದರಿಂದ, ಅಖಾಡಕ್ಕಿಳಿದು ಮಗಳಿಗೆ ಪಟ್ಟು ಕಲಿಸುತ್ತಿದ್ದ. ಕುಸ್ತಿಗೆ ಹತ್ತು ದಿನ ಇದೆ ಅನ್ನುವಾಗ ದ್ಯಾವಿಯ ಕುತ್ತಿಗೆಯ ಮೇಲೆ ಬಳೆ ಎದ್ದಿತು.

ಕೆಂಪಯ್ಯ ಓಡಿದ. ಗೂಡಿನಿಂದ ಮದ್ದು ತಂದು ಹಚ್ಚಿದ. ಮದ್ದು ಕೈ ಹಿಡಿಯಲು ಹೋಯಿತು. ದ್ಯಾವಿಗೆ ಹತ್ತಿದ್ದು ಆ ಸೊಟ್ಟ ಕೈಯದರ ಮರಿಗಳೇ; ಪಟ್ಟು ಕೂರಲಿಲ್ಲ. ಮತ್ತೆ ಹೋಯಿತು, ಮತ್ತೆ ಜಾರಿತು. "ನನ್ನ ಕೈಲಾಗಲ್ಲ ಉಸ್ತಾದ್," ಅಂತು ಮದ್ದು.

"ಬೇರೆ ಪಟ್ಟಿನ ಮದ್ದೇ ಹುಡುಕಬೇಕು," ಅಂತು ಕೆಮ್ಮಣ್ಣು. "ತಿಂಗಳುಗಟ್ಟಲೆ ಹಿಡಿಯುತ್ತೆ."

ಕುಸ್ತಿಯ ದಿನ ಎಲ್ಲರೂ ಅಖಾಡಕ್ಕಿಳಿದರು. ದ್ಯಾವಿ ಬಾಗಿಲ ಹೊರಗೆ ನಿಂತಿದ್ದಳು.

"ಅಪ್ಪಾ, ನೀನು ಅದನ್ನ ಗೆದ್ದೆ ಅಂದಿದ್ದೆಯಲ್ಲ?"

ಕೆಂಪಯ್ಯ ಎಂದೂ ಯಾರಿಗೂ ತಲೆ ತಗ್ಗಿಸಿದವನಲ್ಲ. ಆವತ್ತು ಮಗಳ ಮುಂದೆ ತಗ್ಗಿಸಿದ.

ಅದಕ್ಕೇ ಮಗಾ, ಬಳೆ ಮಾಯವಾದ ಮೇಲೂ ಇನ್ನಷ್ಟು ದಿನ ಹಚ್ಚು ಅಂತ ಡಾಕ್ಟ್ರು ಗದರೋದು. ಕೆಲವರ ಮೈಮೇಲೆ ಹಳೇ ಮುಲಾಮು ಎಷ್ಟು ತಿಕ್ಕಿದರೂ ಆ ಕೆಂಪು ಬಳೆ ಇವತ್ತಿಗೂ ಜಗ್ಗದೆ ಕೂತಿರೋದೂ ಅದಕ್ಕೇ.