ದೀಪದ ಮೇಲೆ ಸಾಹುಕಾರರು

ದಾವಣಗೆರೆಯ ಆ ದೀಪದೆಣ್ಣೆ ಕಂಪನಿಯ ಗುರುತು, ಉರಿಯುವ ಒಂದು ಪುಟ್ಟ ದೀಪ. ದೊಡ್ಡ ಸಾಹುಕಾರರ ಕಾಲದಲ್ಲಿ ಅದು ಕಾಗದದ ನೆತ್ತಿಯ ಮೇಲೆ, ‘ಶ್ರೀ’ ಕೆಳಗೆ, ಕೆಂಪು ಮಸಿಯಲ್ಲಿ ಇರುತ್ತಿತ್ತು. ಅಂಗಡಿಯವರಾದ ನಾವು ಅದನ್ನು ಕಣ್ಣಿಗೊತ್ತಿಕೊಂಡೇ ಓದುತ್ತಿದ್ದೆವು. ಆ ಕಾಲವೇ ಬೇರೆ.

ಅವರು ತೀರಿಕೊಂಡ ಮೇಲೆ ಮಗ ಉಮಾಪತಿ ಕುರ್ಚಿಗೆ ಬಂದರು. ಕಾಗದ ಹೋಗಿ ಈಮೇಲ್ ಬಂತು. ಗುಮಾಸ್ತನನ್ನು ಕರೆದು ಅಪ್ಪಣೆ ಕೊಟ್ಟರು: “ಎಲ್ಲಾ ಮೇಲ್‌ಗೂ ಒಂದೇ ಟೆಂಪ್ಲೇಟ್ ಮಾಡು. ಮೇಲೆ ನನ್ನ ಫೋಟೊ, ದೊಡ್ಡದಾಗಿ. ಆ ಹಳೇ ಲೋಗೋ ಕೆಳಗೆಲ್ಲಾದ್ರೂ ಹಾಕು.”

“ದೀಪ ಮೇಲಿದ್ರೆ ಚೆಂದ, ಸಾರ್.”

“ಹೇಳಿದಷ್ಟು ಮಾಡು. ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ಗುಮಾಸ್ತ ಹೇಳಿದಷ್ಟೇ ಮಾಡಿದ. ಫೋಟೊಗೆ ಚಿನ್ನದ ಬಣ್ಣದ ಚೌಕಟ್ಟು ಮಾತ್ರ ಅವನದೇ ಕಾಣಿಕೆ. ಅದರ ಕೆಳಗೆ, ನಟ್ಟನಡುವೆ, ದೀಪ.

“ಮೊದಲು ಅಮ್ಮಾವ್ರಿಗೆ ತೋರಿಸಿ ಸಾರ್, ಖುಷಿಪಡ್ತಾರೆ” ಅಂದ. ಸಾಹುಕಾರರು ಹಿಗ್ಗಿ, ಆಗಲೇ ತಾಯಿಯ ಫೋನಿಗೆ ಕಳಿಸಿದರು.

ಮರುಗಳಿಗೆಯಲ್ಲೇ ಫೋನ್ ಬಂತು. ತಾಯಿಯ ದನಿ ಇಡೀ ಆಫೀಸಿಗೆ ಕೇಳಿತು: “ಅಯ್ಯೋ ಶಿವನೇ! ಬದುಕಿರೋ ಮಗನ ಫೋಟೊ ಮುಂದೆ ದೀಪ ಹಚ್ಚಿಟ್ಟೋರು ಯಾರೋ? ಗೋಡೆ ಮೇಲೆ ನಿಮ್ಮಪ್ಪನ ಪಕ್ಕ ಹೋಗಿ ಕೂತಂಗಿದೀಯಲ್ಲೋ!”

ಸಾಹುಕಾರರ ಮುಖ ಬಿಳುಚಿಕೊಂಡಿತು. ಗುಮಾಸ್ತ ಕೈಕಟ್ಟಿ ನಿಂತು ಕೇಳಿದ: “ಈಗ ದೀಪ ತೆಗೀಲಾ ಸಾರ್, ನಿಮ್ಮನ್ನ ತೆಗೀಲಾ?”

ಇವತ್ತಿಗೂ ಆ ಕಂಪನಿಯ ಮೇಲ್ ತೆರೆದರೆ ನೆತ್ತಿಯ ಮೇಲೆ ಅದೇ ಪುಟ್ಟ ಕೆಂಪು ದೀಪ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಾನು ಫೋನನ್ನೇ ಒಮ್ಮೆ ಕಣ್ಣಿಗೊತ್ತಿಕೊಳ್ಳುತ್ತೇನೆ.