ಚುಕ್ಕಿ ಕರುವೂ ಹೊರೆಗಲ್ಲೂ

ಹೂಂ ಅನ್ನಿ, ಹೇಳ್ತೀನಿ. ಹೂಂ ಅನ್ನದಿದ್ರೆ ಕತೆ ಓಡಿಹೋಗುತ್ತೆ!

ಒಂದು ಕರು. ಹೆಸರು ಚುಕ್ಕಿ. ಬೆಳಗಾಯ್ತು. ಹಸಿವಾಯ್ತು. ಚುಕ್ಕಿ ಅಮ್ಮನ ಕೆಚ್ಚಲಿಗೆ ಬಾಯಿ ಹಾಕಿತು. ಚೀಪಿತು, ಚೀಪಿತು. ಒಂದು ತೊಟ್ಟೂ ಇಲ್ಲ!

"ಅಮ್ಮಾ, ನನ್ನ ಹಾಲೆಲ್ಲಿ?"

"ಏರಿಹೋಯ್ತು ಮಗಾ, ಕೆಚ್ಚಲಿಗೆ ಇಳೀತಾನೇ ಇಲ್ಲ. ಮೈಯೆಲ್ಲ ಬಿಗಿ. ಕೆಂಚಮ್ಮ ನನ್ನ ಮೇಲೆ ಸಿಡುಕಿದಳು."

ಚುಕ್ಕಿ ಹಾಲು ಕರೆಯೋ ಕೆಂಚಮ್ಮನ ಹತ್ತಿರ ಓಡಿತು.

"ಕೆಂಚಮ್ಮಾ ಕೆಂಚಮ್ಮಾ, ನೀನು ಅಮ್ಮನ ಮೇಲೆ ಸಿಡುಕಿದೆ. ಅಮ್ಮನ ಹಾಲು ಏರಿಹೋಯ್ತು. ನನ್ನ ಹೊಟ್ಟೆ ಚುರ್ ಅಂತು! ಬಂದು ಅಮ್ಮನ ಮೈ ಸವರು."

"ಹೋಗೇ, ಪುರುಸೊತ್ತಿಲ್ಲ! ನನ್ನ ಗಂಡ ನನಗೆ ಗುರ್ ಅಂದ. ಅವನನ್ನೇ ಕೇಳು."

ಅವಳ ಗಂಡ ದರ್ಜಿ. ಚುಕ್ಕಿ ದರ್ಜಿಯ ಹತ್ತಿರ ಓಡಿತು.

"ದರ್ಜಿಯಣ್ಣಾ ದರ್ಜಿಯಣ್ಣಾ, ನೀನು ಕೆಂಚಮ್ಮನಿಗೆ ಗುರ್ ಅಂದೆ. ಕೆಂಚಮ್ಮ ಅಮ್ಮನ ಮೇಲೆ ಸಿಡುಕಿದಳು. ಅಮ್ಮನ ಹಾಲು ಏರಿಹೋಯ್ತು. ನನ್ನ ಹೊಟ್ಟೆ ಚುರ್ ಅಂತು! ಕೆಂಚಮ್ಮನ ಹತ್ತಿರ ಒಳ್ಳೆ ಮಾತಾಡು."

"ಹೋಗೇ, ಪುರುಸೊತ್ತಿಲ್ಲ! ಬಳೆಗಾರ ಬೇಗ ಬೇಗ ಅಂತ ಗದರಿಸಿದ. ನೋಡಿಲ್ಲಿ, ಅವನ ಅಂಗಿಗೆ ಮೂರು ತೋಳು ಹೊಲಿದುಬಿಟ್ಟೆ!"

ಚುಕ್ಕಿ ಬಳೆಗಾರನ ಹತ್ತಿರ ಓಡಿತು.

"ಬಳೆಗಾರಣ್ಣಾ ಬಳೆಗಾರಣ್ಣಾ, ನೀನು ದರ್ಜಿಯನ್ನು ಗದರಿಸಿದೆ. ದರ್ಜಿ ಕೆಂಚಮ್ಮನಿಗೆ ಗುರ್ ಅಂದ. ಕೆಂಚಮ್ಮ ಅಮ್ಮನ ಮೇಲೆ ಸಿಡುಕಿದಳು. ಅಮ್ಮನ ಹಾಲು ಏರಿಹೋಯ್ತು. ನನ್ನ ಹೊಟ್ಟೆ ಚುರ್ ಅಂತು!"

"ಹೋಗೇ, ಪುರುಸೊತ್ತಿಲ್ಲ! ಮಡಕೆ ಅಜ್ಜಿ ನನ್ನ ಮೇಲೆ ರೇಗಿದಳು."

ಮಡಕೆ ಅಜ್ಜಿ ದಾರಿಯಲ್ಲೇ ನಿಂತಿದ್ದಳು. ತಲೆ ಮೇಲೆ ಐದು ಮಡಕೆ!

"ಅಜ್ಜೀ ಅಜ್ಜೀ, ನೀನು ಬಳೆಗಾರನ ಮೇಲೆ ರೇಗಿದೆ. ಬಳೆಗಾರ ದರ್ಜಿಯನ್ನು ಗದರಿಸಿದ. ದರ್ಜಿ ಕೆಂಚಮ್ಮನಿಗೆ ಗುರ್ ಅಂದ. ಕೆಂಚಮ್ಮ ಅಮ್ಮನ ಮೇಲೆ ಸಿಡುಕಿದಳು. ಅಮ್ಮನ ಹಾಲು ಏರಿಹೋಯ್ತು. ನನ್ನ ಹೊಟ್ಟೆ ಚುರ್ ಅಂತು!"

"ರೇಗದೆ ಏನ್ ಮಾಡ್ಲಿ ಮಗಾ? ಕತ್ತು ನೋವು. ಬೆಳಗಿಂದ ಹೊರೆ ಇಳಿಸಿಲ್ಲ."

"ಹೊರೆಗಲ್ಲು ಇದೆಯಲ್ಲ ಅಜ್ಜಿ!"

ಇತ್ತು, ಅಲ್ಲೇ ಇತ್ತು. ದಾರಿಹೋಕರು ಹೊರೆ ಇಳಿಸಿ ದಣಿವಾರಿಸಿಕೊಳ್ಳಲಿ ಅಂತ ಊರವರು ನೆಟ್ಟ ಕಲ್ಲು.

"ಅದರ ಮೇಲೆ ಯಾರೋ ಹಸಿ ಬೆರಣಿ ತಟ್ಟಿದಾರೆ. ಮಡಕೆ ಇಟ್ರೆ ಜಾರಿ ಢಮಾರ್!"

ಯಾರು ತಟ್ಟಿದ್ದು? ಇನ್ಯಾರು, ಕೆಂಚಮ್ಮನೇ ಕಣ್ರೋ! ಸಗಣಿ ಯಾರದು? ಚುಕ್ಕಿಯ ಅಮ್ಮನದೇ!

ಚುಕ್ಕಿ ಮುಂಗಾಲೆತ್ತಿತು. ಮೂತಿಯಿಂದ ತಳ್ಳಿತು. ಬೆರಣಿ ಪಚ್ ಅಂತ ಬಿತ್ತು. ಕಲ್ಲು ಖಾಲಿ! ಚುಕ್ಕಿ ಮೂತಿಗೆ ಸಗಣಿ ಮೀಸೆ!

ಅಜ್ಜಿ ಹೊರೆ ಇಳಿಸಿದಳು. ಕಾಲು ಚಾಚಿ ಕೂತಳು. ಉದ್ದ ಉಸಿರೆಳೆದಳು. ಎಲ್ಲಿ, ನೀವೂ ಎಳೀರಿ. ಈಗ ಬಿಡಿ.

"ಉಸ್ಸಪ್ಪಾ!"

ಅಜ್ಜಿ ಆ ಮೀಸೆ ನೋಡಿದಳು. ಕಿಸಕ್ಕನೆ ನಕ್ಕಳು. "ರೇಗಿಬಿಟ್ಟೆ ಕಣಪ್ಪಾ, ಬಾ, ಕೂತ್ಕೋ" ಅಂತ ಬಳೆಗಾರನನ್ನು ಕರೆದಳು.

ಬಳೆಗಾರ ಕೂತ. ಉಸ್ಸಪ್ಪಾ! "ಅವಸರ ಇಲ್ಲ, ನಿಧಾನವಾಗಿ ಹೊಲಿ" ಅಂತ ದರ್ಜಿಗೆ ಹೇಳಿದ.

ದರ್ಜಿ ಸೂಜಿ ಕೆಳಗಿಟ್ಟ. ಉಸ್ಸಪ್ಪಾ! "ತಪ್ಪಾಯ್ತು ಕಣೇ" ಅಂತ ಕೆಂಚಮ್ಮನಿಗೆ ತಣ್ಣನೆ ನೀರು ಕೊಟ್ಟ.

ಕೆಂಚಮ್ಮ ಗುಟುಕು ಗುಟುಕಾಗಿ ಕುಡಿದಳು. ಉಸ್ಸಪ್ಪಾ! ಚುಕ್ಕಿ ಹೊರೆಗಲ್ಲಿನ ಸುದ್ದಿ ಹೇಳಿತು. "ಆ ಕಲ್ಲಿನ ಮೇಲೆ ಇನ್ನು ಬೆರಣಿ ತಟ್ಟಲ್ಲ" ಅಂತ ಕಿವಿ ಹಿಡಿದುಕೊಂಡಳು. ಹಸುವಿನ ಕತ್ತಿನ ಕೆಳಗೆ ಜೋಲೋ ಗಂಗೆದೊಗಲು ಮೆಲ್ಲಗೆ ಸವರಿದಳು.

ಹಸು ಕಣ್ಣು ಮುಚ್ಚಿತು. ಉಸ್ಸಪ್ಪಾ!

"ಏನೇ ಇದು ಮೀಸೆ?" ಅಂತ ಅಮ್ಮ ಚುಕ್ಕಿಯ ಮೂತಿ ನೆಕ್ಕಿತು. ನೆಕ್ಕಿತು, ನೆಕ್ಕಿತು. ನೆಕ್ಕುತ್ತಾ ನೆಕ್ಕುತ್ತಾ ಹಾಲು ಇಳಿಯಿತು! ಚುಕ್ಕಿ ಚೊಳ್ ಚೊಳ್ ಅಂತ ಕುಡಿಯಿತು. ಬಾಯಿ ತುಂಬ ನೊರೆ.

ಚುಕ್ಕಿ ಹೊಟ್ಟೆ ತುಂಬಿತು. ನನ್ನ ಬಾಯಿ ಒಣಗಿತು. ಒಂದು ಲೋಟ ನೀರು ತನ್ರೋ!